ಮೂಗು ಮೇಸ್ತ್ರಿಯೂ ಷಡ್ಡಕನ ಎಣ್ಣೆಯೂ

ಮೂಗು ಮೇಸ್ತ್ರಿಯ ಮೂಗು ಅವನಿಗಿಂತ ಐದು ನಿಮಿಷ ಮೊದಲೇ ಗ್ಯಾರೇಜಿಗೆ ಬಂದು ನಿಲ್ಲುತ್ತಿತ್ತು ಎಂದು ಬೀದಿಯ ಜನ ಹೇಳುತ್ತಿದ್ದರು. ಅದು ಶುದ್ಧ ಸುಳ್ಳು. ಎರಡು ನಿಮಿಷ ಮೊದಲು ಬರುತ್ತಿತ್ತು, ಅಷ್ಟೆ.

ಆ ಮೂಗೇ ಅವನ ಬಂಡವಾಳ. ಬೇರೆ ಮೆಕ್ಯಾನಿಕ್‌ಗಳು ಇಂಜಿನ್ನಿನ ಶಬ್ದ ಕೇಳಿ ರೋಗ ಹೇಳಿದರೆ, ಇವನು ಆಯಿಲ್ ಕಡ್ಡಿ ಎಳೆದು, ಅದರ ತುದಿಯ ಹನಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ಮೂಸುತ್ತಿದ್ದ. ಕಾರು ಎಷ್ಟು ದೂರ ಓಡಿದೆ, ಎಂಥ ದಾರಿಯಲ್ಲಿ ಓಡಿದೆ, ಓಡಿಸಿದವನಿಗೆ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಇರುವ ಚಟವಿದೆಯೇ, ಎಲ್ಲವನ್ನೂ ಆ ಒಂದು ಹನಿ ಅವನ ಮೂಗಿಗೆ ಬಾಯಿಬಿಟ್ಟು ಹೇಳುತ್ತಿತ್ತು. ಒಮ್ಮೆ ಔಷಧಿ ಅಂಗಡಿಯವನ ಕಾರಿನ ಎಣ್ಣೆ ಮೂಸಿ, "ಮನೇಲಿ ಜಗಳ ಆಡ್ಕೊಂಡು ಬಂದು ಗಾಡಿ ಮೇಲೆ ತೀರಿಸ್ಕೋಬೇಡಿ ಸ್ವಾಮಿ" ಎಂದದ್ದಕ್ಕೆ, ಆ ಮನುಷ್ಯ ಅಲ್ಲೇ ಟೈರಿನ ಮೇಲೆ ಕುಳಿತು ಹೆಂಡತಿಗೆ ಫೋನು ಮಾಡಿ ಕ್ಷಮೆ ಕೇಳಿದ.

ಗ್ಯಾರೇಜು ದೊಡ್ಡದೇನಲ್ಲ. ಎರಡು ಕಾರುಗಳು ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಹಿಡಿಸುತ್ತಿದ್ದವು; ಮೂರನೆಯದಕ್ಕೆ ಬೀದಿಯೇ ಗತಿ. ಮೂವತ್ತು ವರ್ಷ ಎಣ್ಣೆ ಕುಡಿದು ಕುಡಿದು ನೆಲದ ಸಿಮೆಂಟು ಎಮ್ಮೆಯ ಚರ್ಮದಂತಾಗಿತ್ತು. ಒಂದು ಇರುವೆ ಈ ಗೋಡೆಯಿಂದ ಹೊರಟರೆ ಆ ಗೋಡೆ ಮುಟ್ಟುವಷ್ಟರಲ್ಲಿ ನಾಲ್ಕು ಸಲ ಜಾರಿ ಬಿದ್ದು, ಐದನೇ ಸಲಕ್ಕೆ ಊರೇ ಬೇಡವೆಂದು ವಾಪಸ್ಸು ಹೋಗುತ್ತಿತ್ತು. ಗೋಡೆಯ ತುಂಬ ಮೊಳೆಗಳು, ಒಂದೊಂದು ಮೊಳೆಗೆ ಒಂದೊಂದು ಸ್ಪ್ಯಾನರು. ಎಲ್ಲಕ್ಕಿಂತ ಮೇಲಿನ ಮೊಳೆಗೆ ಮಾತ್ರ ಸ್ಪ್ಯಾನರಿಲ್ಲ. ಅಲ್ಲಿ ತೂಗುತ್ತಿದ್ದದ್ದು ಒಂದು ಕಾರಿನ ಕೀ.

ಅದು ಮೇಸ್ತ್ರಿಯ ಮಾವನ ಕಾರಿನ ಎರಡನೇ ಕೀ. ಮಾವ ಗಡಿಯಾರ ರಿಪೇರಿಯವರು, ಈಗ ವಿಶ್ರಾಂತರು. ನಲವತ್ತು ವರ್ಷ ಟಿಕ್ ಟಿಕ್ ಕೇಳಿ ಹದಗೊಂಡ ಅವರ ಕಿವಿಗೆ, ಪಕ್ಕದ ಮನೆಯವರ ಕೈಗಡಿಯಾರ ಅರ್ಧ ನಿಮಿಷ ಹಿಂದೆ ಬಿದ್ದದ್ದು ಗೋಡೆಯಾಚೆಯಿಂದಲೇ ಗೊತ್ತಾಗುತ್ತಿತ್ತು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಅವರೊಂದು ಬೂದು ಬಣ್ಣದ ಕಾರು ಕೊಂಡರು. ಮೂರು ವರ್ಷದ ನಂತರ ಹಿರಿಮಗಳನ್ನು ಮೇಸ್ತ್ರಿಗೆ ಕೊಟ್ಟು ಮದುವೆ ಮಾಡಿದ ದಿನವೇ, ಮಗಳ ಕೈಯ ಹಿಂದೆಯೇ ಈ ಕೀಯನ್ನೂ ಅವನ ಕೈಗಿಟ್ಟು, "ಕಾರು ನನ್ನದು, ಅದರ ಆರೋಗ್ಯ ನಿಮ್ಮದು ಅಳಿಯಂದ್ರೇ" ಎಂದರು. ರಾಜರಿಗೆ ಕಿರೀಟವಿರುತ್ತದೆ, ಮೇಸ್ತ್ರಿಗೆ ಆ ಕೀ ಇತ್ತು. ದಿನಕ್ಕೊಮ್ಮೆಯಾದರೂ ಅದನ್ನು ಮೊಳೆಯಿಂದಿಳಿಸಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ತೂಗುಹಾಕುತ್ತಿದ್ದ.

ಹನ್ನೊಂದು ವರ್ಷದ ಹಿಂದೆ ಎರಡನೇ ಅಳಿಯ ಬಂದ. ಅವನೂ ಕಾರಿನ ಕೆಲಸದವನೇ ಆಗಬೇಕೆ? ಮುಖ್ಯರಸ್ತೆಯ ಆ ತುದಿಯಲ್ಲಿ ಅವನದೊಂದು ವರ್ಕ್‌ಶಾಪು ಶುರುವಾಯಿತು. ನೆಲಕ್ಕೆ ಬಿಳಿ ಟೈಲ್ಸು, ಗುಂಡಿ ಒತ್ತಿದರೆ ಕಾರನ್ನು ಮಗುವಿನಂತೆ ಮೇಲೆತ್ತುವ ಲಿಫ್ಟು, ಮೈಮೇಲೆ ಬಿಳಿ ಅಂಗಿ. ಬಿಳಿ ಅಂಗಿಯಲ್ಲಿ ಕಾರಿನ ಕೆಳಗೆ ಹೋಗಿ ಬಿಳಿ ಅಂಗಿಯಲ್ಲೇ ಹೊರಗೆ ಬರುವವನನ್ನು ನಂಬಬಾರದು ಎಂಬುದು ಮೇಸ್ತ್ರಿಯ ಸಿದ್ಧಾಂತ.

ಇಬ್ಬರು ಷಡ್ಡಕರದೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಈ ವಿಷಯ ಎಣ್ಣೆಗೆ ಮಾತ್ರ ಗೊತ್ತು; ಸೀಗೆಕಾಯಿ ಪಾಪ, ಕಂಡಲ್ಲೆಲ್ಲ "ಅಣ್ಣಾ, ಚೆನ್ನಾಗಿದ್ದೀರಾ" ಎಂದು ಹಲ್ಲು ತೋರಿಸುತ್ತಿತ್ತು. ಆ ಹಲ್ಲುಗಳ ಮೇಲೂ ಮೇಸ್ತ್ರಿಗೆ ಹೊಟ್ಟೆಕಿಚ್ಚು. ಷಡ್ಡಕನ ತಲೆಗೂದಲು, ಅವನ ಅಂಗಡಿಯ ಬೋರ್ಡು, ಅವನ ಉಗುರು, ಅವನ ನೆಗಡಿ ಕೂಡ ತನ್ನ ನೆಗಡಿಗಿಂತ ಬೇಗ ವಾಸಿಯಾಗುವುದು, ಯಾವುದನ್ನೂ ಬಿಡುತ್ತಿರಲಿಲ್ಲ. ಆ ಕಿಚ್ಚಿನ ಕಾವಿಗೆ ಚಳಿಗಾಲದಲ್ಲಿ ಬಟ್ಟೆ ಒಣಗಿಸಬಹುದಿತ್ತು. ಆದರೂ ಕೊನೆಗೊಂದು ಸಮಾಧಾನವಿತ್ತು: ಏನೇ ಆಗಲಿ, ಕೀ ನನ್ನ ಮೊಳೆಯಲ್ಲಿದೆ.

ಹೀಗಿರುವಾಗ ಒಂದು ಗೇರ್‌ಬಾಕ್ಸ್ ಎತ್ತಲು ಹೋಗಿ ಮೇಸ್ತ್ರಿಯ ಸೊಂಟ ಹಿಡಿದುಕೊಂಡಿತು. ಹನ್ನೆರಡು ದಿನ ಹಾಸಿಗೆ. ಒಂಬತ್ತನೆಯ ದಿನ ಮಾವ ನೋಡಲು ಬಂದರು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಗೋಡೆ ಗಡಿಯಾರವನ್ನೊಮ್ಮೆ ಅನುಮಾನದಿಂದ ನೋಡಿ, ಮಾತು ತೆಗೆದರು.

"ಕಾರಿಗೆ ಸಿಂಥೆಟಿಕ್ ಆಯಿಲ್ ಹಾಕಿಸ್ದೆ."

"ಯಾರ ಕಾರಿಗೆ?"

"ನಮ್ಮ ಕಾರಿಗೇ. ಆಯಿಲ್ ಬದಲಾಯಿಸೋ ಹೊತ್ತಾಗಿತ್ತು, ನೀವು ಮಲಗಿದ್ರಿ. ಚಿಕ್ಕ ಅಳಿಯ ಬಂದು ತಗೊಂಡು ಹೋದ."

ಇನ್ನೂ ಮೂರು ದಿನ ಆಗದೆಂದು ಡಾಕ್ಟರು ಹೇಳಿದ್ದ ಕೆಲಸವನ್ನು ಹೊಟ್ಟೆಕಿಚ್ಚು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಾಡಿಸಿತು. ಮೇಸ್ತ್ರಿ ಎದ್ದು ಕುಳಿತ.

"ಮಾವ, ಅದು ಮುದಿ ಇಂಜಿನ್. ಇಷ್ಟು ವರ್ಷ ಸಾದಾ ಆಯಿಲ್ ಕುಡ್ಕೊಂಡು ಬಂದಿದೆ. ಮನೆಯೂಟ ತಿಂದ ಹೊಟ್ಟೆಗೆ ಈಗ ದೊಡ್ಡ ಹೋಟೆಲಿನ ಊಟ ಹಾಕಿದ್ರೆ ಏನಾಗುತ್ತೆ ಹೇಳಿ."

"ಏನಾಗುತ್ತೆ?"

"ಸೋರುತ್ತೆ."

"ಇನ್ನೂ ಸೋರಿಲ್ವಲ್ಲ," ಎಂದರು ಮಾವ. "ಕೇಳಿ ಇಲ್ಲಿ. ನಿನ್ನೆ ಬೆಳಿಗ್ಗೆ ಕೀ ತಿರುಗಿಸ್ದೆ. ಮೊದಲೆಲ್ಲ ಚಳಿಗೆ ಕಟಕಟ ಅಂತ ಹಲ್ಲು ಕಡೀತಿತ್ತಲ್ಲ, ಅದು ಇಲ್ಲವೇ ಇಲ್ಲ. ಸ್ಟಾರ್ಟ್ ಆಗಿದೆ ಅಂತ ಗೊತ್ತಾಗದೆ ಇನ್ನೊಂದು ಸಲ ತಿರುಗಿಸಿಬಿಟ್ಟೆ. ಕಿರ್ ಅಂತು ಪಾಪ."

ಪಕ್ಕದ ಮನೆಯ ಕೈಗಡಿಯಾರ ಕೇಳಿಸುವ ಕಿವಿಗೆ ತನ್ನ ಕಾರೇ ಕೇಳಿಸಲಿಲ್ಲವಂತೆ. ಮೇಸ್ತ್ರಿಗೆ ಸೊಂಟದ ನೋವು ಎದೆಗೆ ಹತ್ತಿತು.

"ಇನ್ನೊಂದು ಮಾತು," ಮಾವ ಎದ್ದು ನಿಂತರು. "ಮುಂದಿನ ತಿಂಗಳು ನಮ್ಮಕ್ಕನ ಊರಿಗೆ ಹೋಗ್ಬೇಕು. ಅವಳ ಗೋಡೆ ಗಡಿಯಾರ ನಿಂತುಬಿಟ್ಟಿದೆ, ನಾನೇ ಬಂದು ನೋಡ್ಬೇಕು ಅಂತ ಹಟ. ಬೆಟ್ಟ ಹತ್ತಿ ಇಳಿಯೋ ದಾರಿ. ನಿಮಗೆ ನೋಡಿದ್ರೆ ಸೊಂಟ. ಆ ಎರಡನೇ ಕೀ ಚಿಕ್ಕವನ ಹತ್ರ ಇರಲಿ. ಇನ್ಮೇಲೆ ಅವನೇ ನೋಡ್ಕೊಳ್ಳಲಿ."

ಮೇಸ್ತ್ರಿಯ ಹೆಂಡತಿ ಗ್ಯಾರೇಜಿಗೆ ಹೋಗಿ ಕೀ ಇಳಿಸಿ ತಂದುಕೊಟ್ಟಳು. ಮೊಳೆ ಬರಿದಾಯಿತು. ಅಂದು ಅವನು ಊಟ ಮಾಡಲಿಲ್ಲ ಎನ್ನುವವರಿದ್ದಾರೆ. ಮಾಡಿದ, ಆದರೆ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಅವನನ್ನು ಬಲ್ಲವರಿಗೆ ಅಷ್ಟು ಸಾಕು, ಮನೆಯಲ್ಲಿ ಎಂಥ ದುಃಖವಿತ್ತೆಂದು ತಿಳಿಯಲು.

ಹಾಸಿಗೆ ಬಿಟ್ಟ ಮರುದಿನದಿಂದ ಮೇಸ್ತ್ರಿಗೆ ಬದುಕಿನಲ್ಲಿ ಉಳಿದದ್ದು ಒಂದೇ ಆಸೆ: ಆ ಕಾರು ಸೋರಬೇಕು. ಒಂದು ಹನಿ ಬಿದ್ದರೆ ಸಾಕು, ಹೊಸ ಎಣ್ಣೆ ಸುಳ್ಳಾಗುತ್ತದೆ, ಕೀ ವಾಪಸ್ಸು ಬರುತ್ತದೆ. ಹೆಂಡತಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು; ಅಂಗಿಗಳ ನಡುವೆ ಇಡುವ ಬಿಳಿ ರಟ್ಟುಗಳು ಮನೆ ತುಂಬ ಇದ್ದವು. ಅದರಲ್ಲೊಂದನ್ನು ಬಗಲಲ್ಲಿಟ್ಟುಕೊಂಡು ದಿನಾ ಬೆಳಿಗ್ಗೆ ಮಾವನ ಮನೆಯ ಶೆಡ್ಡಿಗೆ ಹೋಗುವುದು, ನಿನ್ನೆಯ ರಟ್ಟನ್ನು ಇಂಜಿನ್ನಿನ ಕೆಳಗಿನಿಂದ ಎಳೆದು ನೋಡುವುದು, ಇವತ್ತಿನದನ್ನು ತಳ್ಳುವುದು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದೆಂದರೆ ಅದೇ. ಬಿಟ್ಟದ್ದು ಸಾದಾ ಎಣ್ಣೆಯೇ ಎಂದು ಬೇರೆ ಹೇಳಬೇಕಿಲ್ಲ.

ಮೂರನೆಯ ದಿನ ಮಾವ ಬಾಗಿಲು ತೆರೆದು ಹೊರಗೆ ಬಂದರು. ಕಾರಿನಡಿಯಿಂದ ಎರಡು ಕಾಲು ಕಂಡವು.

"ಏನು ಅಳಿಯಂದ್ರೇ, ಇಷ್ಟು ಬೇಗ?"

"ಡಾಕ್ಟರು ವಾಕಿಂಗ್ ಮಾಡಿ ಅಂದಿದ್ದಾರೆ ಮಾವ."

"ಕಾರಿನ ಕೆಳಗಾ?"

ರಟ್ಟುಗಳು ಬಿಳಿಯಾಗಿಯೇ ಬಂದವು. ಒಂದು, ಎರಡು, ಐದು, ಒಂಬತ್ತು. ಹತ್ತನೆಯ ದಿನ ಒಂದು ಹನಿ ಕಂಡಿತು. ಮೇಸ್ತ್ರಿ ಹಿಗ್ಗಿದ. ಮೂಸಿ ನೋಡಿದರೆ, ಅದು ಅವನದೇ ಹೆಗಲ ಮೇಲಿನ ಒರೆಸುವ ಬಟ್ಟೆಯಿಂದ ತೊಟ್ಟಿಕ್ಕಿದ್ದು.

ಕೀ ಇಲ್ಲದಿದ್ದರೂ ಆ ಕಾರಿನ ಬಾನೆಟ್ಟನ್ನು ಎಡಗಡೆ ಒಂದು ಗುದ್ದು ಕೊಟ್ಟು ತೆರೆಯುವ ವಿದ್ಯೆ ಅವನೊಬ್ಬನಿಗೇ ಗೊತ್ತಿತ್ತು. ಒಂದು ಬೆಳಿಗ್ಗೆ ಗುದ್ದಿ ತೆರೆದು, ಆಯಿಲ್ ಕಡ್ಡಿ ಎಳೆದು, ಮೂಗಿಗೆ ಹಿಡಿದ. ಇಪ್ಪತ್ತಾರು ವರ್ಷ ತನ್ನ ಹತ್ತಿರ ಸುಖದುಃಖವೆಲ್ಲ ಹೇಳಿಕೊಂಡ ಕಾರು ಅಂದು ಏನೂ ಹೇಳಲಿಲ್ಲ. ವಾಸನೆ ಬೇರೆ, ಜಾರು ಬೇರೆ, ಹನಿ ಬೆರಳಿನಲ್ಲಿ ನಿಲ್ಲುವ ರೀತಿಯೇ ಬೇರೆ. ಹೆಂಡತಿಯ ಬಟ್ಟೆಯಲ್ಲಿ ಯಾರದೋ ಸೆಂಟಿನ ವಾಸನೆ ಹಿಡಿದ ಗಂಡನಂತೆ ಮೇಸ್ತ್ರಿ ಆ ಕಡ್ಡಿ ಹಿಡಿದುಕೊಂಡು ನಿಂತುಬಿಟ್ಟ. ಆದರೆ ಬಣ್ಣ ನೋಡಿದೊಡನೆ ಜೀವ ಬಂತು: ಹಾಕಿ ಇನ್ನೂ ತಿಂಗಳಾಗಿಲ್ಲ, ಆಗಲೇ ಕಪ್ಪು.

ಅಂದೇ ಷಡ್ಡಕ ಮಾವನ ಮನೆಗೆ ಬಂದಿದ್ದ. ಮೇಸ್ತ್ರಿ ಕಡ್ಡಿಯನ್ನು ಮಾವನೆದುರೇ ಅವನ ಮುಖದ ಮುಂದೆ ಹಿಡಿದ.

"ನೋಡಿ ಮಾವ, ಸುಟ್ಟು ಕರಕಲಾಗಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ಕಪ್ಪಾಗೋದು ಒಳ್ಳೇದೇ ಅಣ್ಣ," ಎಂದ ಷಡ್ಡಕ, ಅದೇ ಹಲ್ಲು ತೋರಿಸಿ. "ಗ್ರೇಡ್ ನೀವು ಹಾಕ್ತಿದ್ದದ್ದೇ ಇಟ್ಟಿದ್ದೀನಿ, ತಳಿ ಮಾತ್ರ ಬೇರೆ. ಒಳಗೆ ಅಂಟಿದ ಹಳೇ ಕೊಳೆ ಎಲ್ಲಾ ಬಿಡಿಸ್ಕೊಂಡು ಬರ್ತಿದೆ. ಅದಕ್ಕೇ ಮೊದಲನೇ ಸಲ ಬೇಗ ಬದಲಾಯಿಸ್ತೀನಿ, ಫಿಲ್ಟರ್ ಸಮೇತ."

"ಕೊಳೆನಾ? ನಾನು ನೋಡ್ಕೊಂಡ ಇಂಜಿನ್‌ನಲ್ಲಿ ಕೊಳೆನಾ?"

"ಇರುತ್ತಲ್ಲ ಅಣ್ಣ, ಎಲ್ಲದ್ರಲ್ಲೂ. ಮನುಷ್ಯರಿಗೇ ಇರುತ್ತೆ."

ಷಡ್ಡಕ ಸುಮ್ಮನೆ ಅಂದದ್ದು. ಮೇಸ್ತ್ರಿ ಮನೆಗೆ ಹೋಗಿ ಆ ಮಾತನ್ನು ಬಿಚ್ಚಿ, ಒಂದೊಂದು ಅಕ್ಷರವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿ ನೋಡಿದ. ಹೇಗೆ ಜೋಡಿಸಿದರೂ ಅದು ತನಗೇ ಅಂದದ್ದು.

ಹದಿನೇಳನೆಯ ಬೆಳಿಗ್ಗೆ ರಟ್ಟು ಎಳೆದಾಗ ಅದರ ಮೇಲೆ ಮೂರು ಹನಿಗಳಿದ್ದವು. ಹೆಗಲ ಬಟ್ಟೆಯನ್ನು ಅವನು ಮನೆಯಲ್ಲೇ ಬಿಟ್ಟು ಬಂದಿದ್ದ. ಮೂಸಿದ. ಆ ಸೆಂಟೇ. ಕಾರು ಸೋರುತ್ತಿತ್ತು. ಪರೀಕ್ಷೆಯಲ್ಲಿ ಮೊದಲನೆಯವನಾದವನು ಅಂಕಪಟ್ಟಿ ಹಿಡಿದುಕೊಂಡು ಹೋಗುವಂತೆ ಮೇಸ್ತ್ರಿ ಆ ರಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಹತ್ತಿರದ ದಾರಿ ಬಿಟ್ಟು, ಜನ ಹೆಚ್ಚಿರುವ ದಾರಿಯಲ್ಲೇ ಮನೆಗೆ ನಡೆದ.

ಭಾನುವಾರ ಮಧ್ಯಾಹ್ನ ಮಾವನ ಶೆಡ್ಡಿನಲ್ಲಿ ಎಲ್ಲರೂ ಸೇರಿದರು: ಮಾವ, ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು. ರಟ್ಟು ಕೈಯಿಂದ ಕೈಗೆ ಹೋಯಿತು. ಮಾವ ಗಡಿಯಾರದ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದರು.

"ಮೂರು," ಎಂದರು.

"ಶುಕ್ರವಾರ ಬೆಟ್ಟ ಹತ್ತೋ ಹೊತ್ತಿಗೆ ಮೂರು ಲೀಟರ್ ಆಗುತ್ತೆ," ಎಂದ ಮೇಸ್ತ್ರಿ.

"ಭಾವ, ನಿಮಗೆ ಸೋರಿದ್ದಕ್ಕೆ ಇಷ್ಟು ಖುಷಿನಾ?" ಎಂದಳು ನಾದಿನಿ.

"ಖುಷಿ ಯಾಕಮ್ಮ. ಸತ್ಯ ಹೇಳಿದೆ."

ಷಡ್ಡಕ ಕಾರಿನ ಬೆಲ್ಟು ಬಿಚ್ಚಿದ, ಇಂಜಿನ್ನಿನ ಮುಂಭಾಗದ ಪುಲ್ಲಿ ಬಿಚ್ಚಿ ತೆಗೆದ. ಅದರ ಹಿಂದೆ, ತಿರುಗುವ ದಂಡದ ಸುತ್ತ ಎಣ್ಣೆ ಹೊರಬರದಂತೆ ತಡೆಯುವ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಮೇಸ್ತ್ರಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಟಾರ್ಚು ಹಿಡಿದಿದ್ದ. ಮಿಕ್ಕವರೆಲ್ಲ ಬೆನ್ನ ಹಿಂದೆ. ಷಡ್ಡಕ ಒಂದು ಕೊಕ್ಕೆಯನ್ನು ಸೀಲಿನ ಅಂಚಿಗೆ ಹಾಕಿ ಎಳೆದ. ಟಾರಿನಂತೆ ಕಪ್ಪಾದ ದಾರವೊಂದು ಹೊರಗಿಣುಕಿತು. ಎಳೆದ, ಬಂತು. ಇನ್ನೂ ಎಳೆದ, ಇನ್ನೂ ಬಂತು. ಹೊಸ ಎಣ್ಣೆ ಚೆನ್ನಾಗಿ ತೊಳೆದಿದ್ದ ಕಡೆ ಅದರ ನಿಜವಾದ ಬಣ್ಣ ಕಂಡಿತು: ಕಂದುಗೆಂಪು. ಶಾಲೆ ಸಮವಸ್ತ್ರದ ಕಂದುಗೆಂಪು.

ಮೇಸ್ತ್ರಿ ಟಾರ್ಚನ್ನು ಪಕ್ಕಕ್ಕೆ ತಿರುಗಿಸಿದ. ಹನ್ನೆರಡು ವರ್ಷದ ಹಿಂದೆ ಇದೇ ಸೀಲ್ ಸವೆದು ಎಣ್ಣೆ ಜಿನುಗುತ್ತಿತ್ತು. ಅತ್ತೆ ಆಗ ಇದ್ದರು. ಮರುದಿನ ಬೆಳಿಗ್ಗೆ ಅವರನ್ನು ಕಣ್ಣಿನ ಆಪರೇಷನ್ನಿಗೆ ಕರೆದೊಯ್ಯಬೇಕು, ಕಾರು ಬೇಕೇ ಬೇಕು, ಅಷ್ಟು ಹಳೇ ಕಾರಿಗೆ ಸೀಲ್ ಎಲ್ಲೂ ಸಿಗುತ್ತಿಲ್ಲ. ಮೇಸ್ತ್ರಿ ಹೆಂಡತಿಯ ಹೊಲಿಗೆ ಡಬ್ಬಿಯಿಂದ ದಾರದುಂಡೆ ತಂದು, ಗ್ರೀಸಿನಲ್ಲಿ ಅದ್ದಿ, ಹಳೇ ಸೀಲಿನ ಹಿಂದೆ ಬಿಗಿಯಾಗಿ ಸುತ್ತಿ ಮುಚ್ಚಿದ. ಸೋರುವುದು ನಿಂತಿತು. ಹೊಸ ಸೀಲನ್ನು ನಾಳೆ ಹಾಕಿದರಾಯಿತು ಎಂದುಕೊಂಡ. ಆ ನಾಳೆ ಹನ್ನೆರಡು ವರ್ಷ ಬರಲಿಲ್ಲ. ಅಷ್ಟರಲ್ಲಿ ಹಳೇ ಎಣ್ಣೆಯ ಮಡ್ಡಿಯೆಲ್ಲ ದಾರಕ್ಕೆ ಕೂತು, ಕಲ್ಲಾಗಿ, ತಾನೇ ಒಂದು ಸೀಲಾಗಿಬಿಟ್ಟಿತ್ತು. ಷಡ್ಡಕನ ಎಣ್ಣೆ ಆ ಮಡ್ಡಿಯನ್ನು ಕರಗಿಸಿ, ಅವನ ಗುಟ್ಟನ್ನು ತೊಳೆದು ಹೊರಗಿಟ್ಟಿತ್ತು.

ಷಡ್ಡಕ ದಾರ ನೋಡಿದ. ಮೇಸ್ತ್ರಿಯ ಮುಖ ನೋಡಿದ. ಮತ್ತೆ ದಾರವನ್ನು ಉಂಡೆ ಮಾಡಿ, ತನ್ನ ಬಿಳಿ ಅಂಗಿಯ ಜೇಬಿಗೆ ಹಾಕಿಕೊಂಡ. ಜೇಬಿನ ಮೇಲೆ ಅಂಗೈಯಗಲದ ಕಪ್ಪು ಹರಡಿತು.

"ಏನಂತೆ?" ಎಂದರು ಮಾವ ಹಿಂದಿನಿಂದ.

"ಏನಿಲ್ಲ ಮಾವ, ಸೀಲಿಗೆ ವಯಸ್ಸಾಗಿದೆ. ಅಣ್ಣ ಚೆನ್ನಾಗೇ ಕಾಪಾಡ್ಕೊಂಡು ಬಂದಿದ್ರು. ಎಣ್ಣೆ ಬದಲಾಯಿಸೋ ಮೊದಲೇ ಇದನ್ನ ನೋಡ್ಬೇಕಿತ್ತು. ತಪ್ಪು ನನ್ನದೇ."

"ಹಾಗೋ," ಎಂದರು ಮಾವ. "ಹಾಗಾದ್ರೆ ಮೊದಲಿನ ಹಾಗೇ ಇರಲಿ. ಸಾದಾ ಆಯಿಲ್ಲೇ ಇರಲಿ. ದೊಡ್ಡ ಅಳಿಯಂದ್ರ ಮೂಗು ಸುಳ್ಳು ಹೇಳಲ್ಲ. ಕೊಡಪ್ಪ ಅವರಿಗೆ ಕೀ."

ಷಡ್ಡಕ ಕೀ ತೆಗೆದು, ಎರಡೂ ಕೈಯಿಂದ ಕೊಟ್ಟ.

ಸೋಮವಾರ ಕೀ ಮೊಳೆಯ ಮೇಲಿತ್ತು. ಮೇಸ್ತ್ರಿ ಅದರ ಕಡೆ ಬೆನ್ನು ಹಾಕಿ ಕೆಲಸ ಮಾಡಿದ. ಅವನ ಹೊಟ್ಟೆಕಿಚ್ಚು ತಣ್ಣಗಾಗುವುದಿರಲಿ, ಇಷ್ಟು ದಿನ ಸೌದೆಯಲ್ಲಿ ಉರಿಯುತ್ತಿದ್ದದ್ದು ಈಗ ಪೆಟ್ರೋಲಿನಲ್ಲಿ ಉರಿಯತೊಡಗಿತ್ತು. ಷಡ್ಡಕನಿಗೆ ಬಿಳಿ ಟೈಲ್ಸಿತ್ತು, ಸರಿ. ಲಿಫ್ಟಿತ್ತು, ಆಗಲಿ. ಈಗ ನೋಡಿದರೆ ದೊಡ್ಡ ಮನಸ್ಸೂ ಅವನಿಗೇ. ಆ ಮನಸ್ಸನ್ನು ಎಲ್ಲಿ ಕೊಂಡ, ಯಾವ ಅಂಗಡಿಯಲ್ಲಿ ಸಿಕ್ಕಿತು, ತನಗೇಕೆ ಸಿಗಲಿಲ್ಲ? ಕೀ ನನ್ನ ಮೊಳೆಯಲ್ಲಿ, ದೊಡ್ಡತನ ಅವನ ಜೇಬಿನಲ್ಲಿ. ಇದೆಂಥ ಗೆಲುವು?

"ಗೆದ್ದಿದ್ದೀರಲ್ಲ," ಎಂದಳು ಹೆಂಡತಿ, ಮಂಗಳವಾರ ಬೆಳಿಗ್ಗೆ, ಹೊಲಿಗೆ ಯಂತ್ರದ ಮುಂದಿನಿಂದ. "ಇಂಗು ತಿಂದ ಮಂಗನ ಹಾಗೆ ಯಾಕೆ ಕೂತಿದ್ದೀರಿ?"

"ಸುಮ್ನಿರೇ."

"ನಿನ್ನೆ ತಂಗಿ ಬಂದಿದ್ಲು. ಅವರ ಅಂಗಿ ಜೇಬಿನ ಕಲೆ ಮೂರು ಸಲ ಒಗೆದರೂ ಹೋಗಿಲ್ವಂತೆ. ಜೇಬಲ್ಲಿ ಏನಿಟ್ಟಿದ್ರಿ ಅಂತ ಎಷ್ಟು ಕೇಳಿದರೂ ಹೇಳ್ತಿಲ್ವಂತೆ."

ಮೇಸ್ತ್ರಿ ಹೌಹಾರಿದ. ಷಡ್ಡಕ ಹೆಂಡತಿಗೂ ಹೇಳಿಲ್ಲ. ಮದುವೆ ಎಂಬ ಪದ್ಧತಿ ಶುರುವಾದಾಗಿನಿಂದ ಇಂಥ ಗುಟ್ಟೊಂದನ್ನು ಎರಡು ದಿನ ಹೆಂಡತಿಯಿಂದ ಮುಚ್ಚಿಟ್ಟ ಗಂಡಸು ಹುಟ್ಟಿರಲಿಲ್ಲ. ಮೇಸ್ತ್ರಿಯಂತೂ ತಾನು ಮಾಡದ ತಪ್ಪನ್ನೂ ಸಂಜೆಯೊಳಗೆ ಹೆಂಡತಿಗೆ ಒಪ್ಪಿಸಿಬಿಡುವವನು. ಇನ್ನು ಇದನ್ನು ತಡೆದುಕೊಳ್ಳಲು ಅವನಿಂದಾಗಲಿಲ್ಲ. ಆ ದೊಡ್ಡತನವನ್ನು ಷಡ್ಡಕನ ಜೇಬಿನಿಂದ ಕಿತ್ತುಕೊಳ್ಳಲು ಇದ್ದದ್ದು ಒಂದೇ ದಾರಿ. ಮೊಳೆಯಿಂದ ಕೀ ಇಳಿಸಿಕೊಂಡು ಮಾವನ ಮನೆಗೆ ನಡೆದ.

ಮಾವ ಕಿಟಕಿಯ ಪಕ್ಕದ ಮೇಜಿನಲ್ಲಿ ಒಂದು ಕೈಗಡಿಯಾರವನ್ನು ಬಿಚ್ಚಿಟ್ಟುಕೊಂಡು, ಸೂಜಿಯ ತುದಿಯಲ್ಲಿ ಎಣ್ಣೆ ಮುಟ್ಟಿಸುತ್ತಿದ್ದರು. ಮೇಸ್ತ್ರಿ ನಿಂತುಕೊಂಡೇ ಎಲ್ಲ ಹೇಳಿದ. ದಾರ, ಗ್ರೀಸು, ಬಾರದ ನಾಳೆ, ಷಡ್ಡಕನ ಜೇಬು. ಮಾವ ಸೂಜಿ ಕೆಳಗಿಡಲಿಲ್ಲ.

"ಹೊಲಿಗೆ ದಾರನಾ?"

"ಹೌದು ಮಾವ."

"ಹನ್ನೆರಡು ವರ್ಷ ಬಂತಾ?"

"ಬಂತು."

"ಅಂಗಡೀಲಿ ಸಿಗೋ ಸೀಲ್ ಎಷ್ಟು ವರ್ಷ ಬರುತ್ತೆ?"

"ಹಣೆಬರಹ ಚೆನ್ನಾಗಿದ್ರೆ ಅಷ್ಟೇ ಬರುತ್ತೆ."

"ಮತ್ತೆ ಬೇಜಾರು ಯಾಕೆ? ನಾನೂ ಒಬ್ಬರ ಗೋಡೆ ಗಡಿಯಾರಕ್ಕೆ ಬೆಂಕಿಕಡ್ಡಿ ಸಿಕ್ಕಿಸಿ ಏಳು ವರ್ಷ ಓ‌ಡಿಸಿದ್ದೆ," ಎಂದರು ಮಾವ. "ಇನ್ನೊಂದು ಸಲ ದಾರ ಸುತ್ತಿ, ಹಳೇ ಎಣ್ಣೆ ಹಾಕಿ. ಶುಕ್ರವಾರ ನಾನು ಹೋಗ್ಬೇಕು. ಕೀ ನಿಮ್ಮ ಹತ್ರನೇ ಇರಲಿ."

ಇದಕ್ಕಿಂತ ಹೆಚ್ಚಿನದನ್ನು ಮೇಸ್ತ್ರಿ ಕನಸಿನಲ್ಲೂ ಕೇಳಿರಲಿಲ್ಲ. ತಪ್ಪೂ ಒಪ್ಪಿದ, ಕೀಯೂ ಉಳಿಯಿತು, ಷಡ್ಡಕನ ಎಣ್ಣೆಯೂ ಹೊರಗೆ. ಹೂಂ ಎಂದರೆ ಮುಗಿಯಿತು. ಆದರೆ ಭಾನುವಾರ ಟಾರ್ಚಿನ ಬೆಳಕಿನಲ್ಲಿ ಅವನು ಸೀಲನ್ನು ಮಾತ್ರ ನೋಡಿರಲಿಲ್ಲ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಒಬ್ಬನೇ ಎಣ್ಣೆ ತುಂಬುವ ಮುಚ್ಚಳ ತಿರುಗಿಸಿ ಒಳಗಿಣುಕಿದ್ದ. ಇಪ್ಪತ್ತಾರು ವರ್ಷ ಅವನು ಕಂಡಿದ್ದ ಕಂದು ಮಡ್ಡಿ ಅಲ್ಲಿರಲಿಲ್ಲ. ಲೋಹ ಹುಣಿಸೆಹಣ್ಣು ಹಾಕಿ ತಿಕ್ಕಿದ ತಂಬಿಗೆಯಂತೆ ಹೊಳೆಯುತ್ತಿತ್ತು. ಮಡ್ಡಿ ಇಲ್ಲದ ಕಡೆ ಬರೀ ದಾರ ಬೆಟ್ಟದ ಕಾವಿಗೆ ಅರ್ಧ ದಾರಿಯೂ ನಿಲ್ಲದೆಂದು ಅವನಿಗೆ ಗೊತ್ತಿತ್ತು.

"ದಾರ ನಿಲ್ಲಲ್ಲ ಮಾವ," ಎಂದ. ಮುಂದಿನ ಮಾತು ಬುದ್ಧಿಹಲ್ಲು ಕಿತ್ತಂತೆ, ಬೇರು ಸಮೇತ, ನಿಧಾನವಾಗಿ ಬಂತು. "ಎಣ್ಣೆ ಮೇಲೆ ತಪ್ಪಿಲ್ಲ. ಅವನ ಎಣ್ಣೆನೇ ಇರಲಿ. ಹೊಸ ಸೀಲ್ ಹಾಕಿಸೋಣ. ಅದು ತರಿಸೋದು ಅವನಿಗೇ ಗೊತ್ತು, ನನಗಲ್ಲ."

ಕೀಯನ್ನು ಮೇಜಿನ ಮೇಲೆ, ಬಿಚ್ಚಿಟ್ಟ ಗಡಿಯಾರದ ಪಕ್ಕದಲ್ಲಿಟ್ಟ. ಮಾವ ಮೊದಲ ಸಲ ತಲೆಯೆತ್ತಿದರು.

"ಇದು ಯಾರಿಗೆ?"

"ಅವನಿಗೇ ಕೊಡಿ."

ಮಾವ ಅವನ ಮುಖವನ್ನು ಭೂತಗನ್ನಡಿಯಿಂದಲೇ ಒಂದಿಷ್ಟು ಹೊತ್ತು ನೋಡಿ, "ಸರಿ" ಎಂದರು. ಹೊಗಳಲಿಲ್ಲ, ಬೈಯಲೂ ಇಲ್ಲ.

ಸೀಲ್ ಬುಧವಾರ ಬಂತು. ಷಡ್ಡಕ ಹಳೇ ಸೀಲಿನ ಅಳತೆ ಹಿಡಿದು ಎಲ್ಲೆಲ್ಲಿಗೋ ಫೋನು ಮಾಡಿ ತರಿಸಿದ್ದ, ಕಾರನ್ನೂ ತನ್ನ ವರ್ಕ್‌ಶಾಪಿಗೆ ಎಳೆಸಿದ್ದ. ಮೇಸ್ತ್ರಿ ಮೊದಲ ಬಾರಿಗೆ ಆ ಬಿಳಿ ಟೈಲ್ಸಿನ ಮೇಲೆ ಕಾಲಿಟ್ಟ. ಚಪ್ಪಲಿ ಹೊರಗೆ ಬಿಡಬೇಕೇ ಎಂಬ ಅನುಮಾನದಲ್ಲಿ ಒಂದು ಬಿಟ್ಟು ಒಂದನ್ನು ಹಾಕಿಕೊಂಡೇ ಒಳಗೆ ಬಂದ.

"ಮಾವ ಎಲ್ಲಾ ಹೇಳಿದ್ರು ಅಣ್ಣ," ಎಂದ ಷಡ್ಡಕ. "ನೀವು ಹೇಳ್ಬೇಕಿರಲಿಲ್ಲ."

"ನೀನೊಬ್ಬನೇ ದೊಡ್ಡವನಾಗೋದು ಬೇಡ ಅಂತ ಹೇಳಿದೆ."

ಷಡ್ಡಕ ನಕ್ಕ. ಹೊಸ ಸೀಲನ್ನು ದಂಡಕ್ಕೆ ತೊಡಿಸಿ ಸುತ್ತಿಗೆಯಿಂದ ಕೊನೆಯವರೆಗೆ ಕೂರಿಸಲು ಹೊರಟ. ಮೇಸ್ತ್ರಿ ಅವನ ಮುಂಗೈ ಹಿಡಿದ.

"ಪೂರ್ತಿ ಹೊಡೀಬೇಡ. ಉಗುರು ಆಡಿಸಿ ನೋಡು ಇಲ್ಲಿ."

ಷಡ್ಡಕ ಉಗುರಿನಿಂದ ದಂಡವನ್ನು ಸವರಿದ. ಹಳೇ ಸೀಲಿನ ತುಟಿ ಉಜ್ಜಿ ಉಜ್ಜಿ ಲೋಹದಲ್ಲಿ ಒಂದು ಸಣ್ಣ ಗೀರು ಬಿದ್ದಿತ್ತು.

"ಹೊಸದನ್ನ ಅಲ್ಲೇ ಕೂರಿಸಿದ್ರೆ ಆ ಗೀರಲ್ಲೇ ತುಟಿ ಕೂರುತ್ತೆ, ತಿಂಗಳಲ್ಲಿ ಮತ್ತೆ ಸೋರುತ್ತೆ. ಎರಡು ಕೂದಲಷ್ಟು ಈಚೆಗೆ ನಿಲ್ಲಿಸು. ಸವೆಯದ ಕಡೆ ಕೂತ್ಕೊಳ್ಳುತ್ತೆ."

"ಎರಡು ಕೂದಲು ಅಂದ್ರೆ ಎಷ್ಟು ಅಣ್ಣ?"

"ನನ್ನ ತಲೇದಲ್ಲ, ಅಲ್ಲೇನೂ ಉಳಿದಿಲ್ಲ. ನಿನ್ನ ತಲೇದು."

ಷಡ್ಡಕ ಕೈ ತೆಗೆದು ಸುತ್ತಿಗೆಯನ್ನು ಮೇಸ್ತ್ರಿಗೆ ಕೊಟ್ಟ. ಟಕ್, ಟಕ್, ಟಕ್. ನಾಲ್ಕನೆಯ ಏಟಿಗೆ ಮೇಸ್ತ್ರಿ ನಿಲ್ಲಿಸಿದ.

"ಇದನ್ನ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ," ಎಂದ ಷಡ್ಡಕ. ಅವನ ಹಲ್ಲು ಕಾಣಿಸಲಿಲ್ಲ. ಸುತ್ತಿಗೆ ಹಿಡಿದ ಮೇಸ್ತ್ರಿಯ ಕೈಯನ್ನೇ ಅವನು ನೋಡುತ್ತಿದ್ದ. ಆ ನೋಟವನ್ನು ಮೇಸ್ತ್ರಿ ತಕ್ಷಣ ಗುರುತಿಸಿದ. ಹನ್ನೊಂದು ವರ್ಷ ಕನ್ನಡಿಯಲ್ಲಿ ಅದನ್ನೇ ಕಂಡಿದ್ದ. ಯಾರಾದರೂ ತನ್ನನ್ನು ಹಾಗೆ ನೋಡಿದರೆ ಏನು ಮಾಡಬೇಕೆಂದು ಗೊತ್ತಿರದೆ, ಸುತ್ತಿಗೆಯನ್ನು ಒರೆಸಿದ್ದನ್ನೇ ಎರಡು ಸಲ ಒರೆಸಿದ.

ಶುಕ್ರವಾರ ಮಾವ ಬೆಟ್ಟ ಹತ್ತಿದರು, ಇಳಿದರು, ಅಕ್ಕನ ಗಡಿಯಾರ ನಡೆಸಿದರು, ಭಾನುವಾರ ವಾಪಸ್ಸು ಬಂದರು. ಬಂದ ಮೇಲೆ ರಟ್ಟು ಹಾಕಿ ನೋಡಿದ್ದು ಇಬ್ಬರು ಅಳಿಯಂದಿರೂ ಸೇರಿ. ರಟ್ಟಿನ ಮೇಲೆ ಧೂಳು ಬಿಟ್ಟರೆ ಏನೂ ಇರಲಿಲ್ಲ. ಕೀ ಷಡ್ಡಕನ ಹತ್ತಿರವೇ ಉಳಿಯಿತು. ಆದರೆ ಆ ಕಾರು ವರ್ಕ್‌ಶಾಪಿಗೆ ಬಂದ ದಿನ ಮೇಸ್ತ್ರಿಗೆ ಫೋನು ಬರುತ್ತಿತ್ತು, ಅವನು ಬರುವವರೆಗೆ ಬೋಲ್ಟೊಂದನ್ನೂ ಬಿಚ್ಚುತ್ತಿರಲಿಲ್ಲ. ಹೊಸ ಎಣ್ಣೆಯನ್ನು ಮೂಸಿ ಓದುವುದನ್ನೂ ಮೇಸ್ತ್ರಿ ನಿಧಾನವಾಗಿ ಕಲಿತ. ಕಷ್ಟದ ಭಾಷೆ, ಆದರೆ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ.

ಮೊದಲ ಸಲ ಇಬ್ಬರೂ ಸೇರಿ ವರ್ಕ್‌ಶಾಪಿನಲ್ಲಿ ಎಣ್ಣೆ ಬದಲಾಯಿಸಿದ ದಿನ ಅವನು ಮನೆಗೆ ಬಂದಾಗ, ಅಷ್ಟು ವರ್ಷದಲ್ಲಿ ಹೆಂಡತಿ ಕಂಡಿರದಷ್ಟು ಅವನ ಕೈ ಸ್ವಚ್ಛವಾಗಿತ್ತು. ಉಗುರ ಸಂದಿಯೂ ಬೆಳ್ಳಗೆ.

"ಹೇಗಿತ್ತು?" ಎಂದಳು ಹೆಂಡತಿ. "ಈಗಲಾದ್ರೂ ಹೊಟ್ಟೆ ತಣ್ಣಗಾಯ್ತಾ?"

ಮೇಸ್ತ್ರಿ ಕುರ್ಚಿಯಲ್ಲಿ ಕುಳಿತು, ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಕೈ ತೊಳೆಯೋ ನಲ್ಲೀಲಿ ಬಿಸಿನೀರು ಬರುತ್ತೆ ಕಣೇ ಅವನಿಗೆ," ಎಂದ.